ಪುಸ್ತಕದ ಟೇಲರ್

ನಾಸಿಕ್‌ನಲ್ಲಿ ಜೂನ್ ಬಂತೆಂದರೆ ನಮ್ಮ ಗಲ್ಲಿಯ ಅಂಗಡಿಯಿಂದ ಹೊಸ ಯೂನಿಫಾರ್ಮ್ ಬಟ್ಟೆಯ ಗಂಜಿ ವಾಸನೆ ಬರುತ್ತದೆ. ಅದರಿಂದ ನಿಮಗೆ ಶಾಲೆ ನೆನಪಾಗಬಹುದು. ನನಗೆ ನೆನಪಾಗುವುದು ನಾನು ಹಾಕಿದ ಒಂದು ತಪ್ಪು ಗುರುತು.

ಯಜಮಾನರ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಔರಂಗಾಬಾದಿಗೆ ಒಯ್ದಿದ್ದ ವರ್ಷಗಳವು. ಓದಲು ಕುಳಿತರೆ ಅಕ್ಷರಗಳು ಜಾಗ ಬದಲಿಸಿ ಕಾಡುವ ದೊಡ್ಡವರಿಗೆಂದು ಅಲ್ಲೊಂದು ಭಾನುವಾರದ ತರಗತಿ ಇತ್ತು. ಅಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಓದುವುದಷ್ಟೇ ಇವರಿಗೆ ತೊಡಕು, ಬುದ್ಧಿಗೇನೂ ಆಗಿಲ್ಲ ಎಂದು ಅಲ್ಲಿನ ಡಾಕ್ಟರು ಮೊದಲೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಾನು ಯಾವಾಗಲೂ ಫಸ್ಟ್ ಕ್ಲಾಸು.

ಬೀದರ್ ಕಡೆಯ ಟೇಲರ್ ಶಿವರಾಯಪ್ಪ ಅಲ್ಲಿಗೆ ಬರುತ್ತಿದ್ದರು. ನಲವತ್ತು ದಾಟಿತ್ತು. ಹೊಲಿಗೆ ಕಲಿಸುವ ನೌಕರಿಯೊಂದು ಅವರಿಗಾಗಿ ಕಾದಿತ್ತು, ಆದರೆ ಹತ್ತನೆಯ ತರಗತಿ ಪಾಸಾಗಿರಬೇಕಿತ್ತು. ಗಣಿತದಲ್ಲಿ ಎರಡು ಸಲ ಫೇಲು. ಇನ್ನೊಂದೇ ಪರೀಕ್ಷೆಯವರೆಗೆ ಕಾಯುತ್ತೇವೆ ಎಂದಿದ್ದರು ನೌಕರಿ ಕೊಡುವವರು.

ಲೆಕ್ಕವನ್ನು ನಾನೇ ಓದಿ ಹೇಳುತ್ತಿದ್ದೆ. ಒಂದು ಭಾನುವಾರ ಓದಿದೆ: ಐದು ಅಂಗಿಗೆ ಹತ್ತು ಮೀಟರ್ ಬಟ್ಟೆಯಾದರೆ ಎಂಟು ಅಂಗಿಗೆ ಎಷ್ಟು?

“ಹದಿನೈದು,” ಎಂದರು, ತಡವಿಲ್ಲದೆ.

ತಪ್ಪು ಹಾಕಿದೆ. ಹತ್ತು ಸಲ ಮಾಡಿಸಿದೆ. ಹತ್ತು ಸಲವೂ ಹದಿನೈದು.

“ಒಂದಕ್ಕ ಎರಡು ಮೀಟರ್, ಹೌದಿಲ್ರಿ? ಹದಿನಾರಾಗಬೇಕಲ್ಲ?” ಎಂದೆ.

“ಹದಿನಾರು ಯಾಕ್ರಿ ಅಕ್ಕೋರ? ಎಂಟೂ ಒಮ್ಮೆಗೇ ಹಾಸಿದ್ರ, ಒಂದರ ಕುತ್ತಿಗಿ ಪಕ್ಕದ ಜಾಗಾದಾಗ ಇನ್ನೊಂದರ ಕಾಲರ್ ಕೂಡ್ತದ. ಒಂದು ಮೀಟರ್ ಉಳಸಲಿಲ್ಲಂದ್ರ ನಾ ಎಂಥ ಟೇಲರ್ರೀ?”

ಪೆನ್ನು ಕೆಳಗಿಟ್ಟೆ. ಅವರ ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವಿದೆ. ಎರಡು ತಿಂಗಳಿನ ನನ್ನ ತಪ್ಪು ಗುರುತುಗಳು. ಎಷ್ಟೋ ಕಡೆ ಆ ಮನುಷ್ಯ ಲೆಕ್ಕ ತಪ್ಪಿರಲಿಲ್ಲ, ಬಟ್ಟೆ ಉಳಿಸಿದ್ದರು.

ಆದರೆ ಪರೀಕ್ಷೆಯವರು ಹದಿನೈದಕ್ಕೆ ಮಾರ್ಕ್ಸ್ ಕೊಡಬೇಕಲ್ಲ? ಬಹಳ ಯೋಚಿಸಿ ಹೇಳಿದೆ:

“ಪುಸ್ತಕದಾಗ ಒಬ್ಬ ಟೇಲರ್ ಇದ್ದಾನ್ರಿ, ದಡ್ಡ. ಒಂದೊಂದೇ ಅಂಗಿ ಬ್ಯಾರೆ ಬ್ಯಾರೆ ಕತ್ತರಸ್ತಾನ. ಅಂವ ಏನಂತಾನ, ಅದನ್ನ ಬರೀರಿ.”

ಶಿವರಾಯಪ್ಪನವರಿಗೆ ಕನಿಕರ ಬಂತು. “ಪಾಪ, ಯಾರ ಕೈಯಾಗ ಕೆಲಸ ಕಲ್ತಾನ್ರಿ?”

“ನನ್ನಂಥಾವ್ರ ಕೈಯಾಗ,” ಎಂದೆ.

ಅಲ್ಲಿಂದ ಲೆಕ್ಕಗಳು ಓಡತೊಡಗಿದವು. ಇನ್ನೊಂದು ಲೆಕ್ಕದಲ್ಲಿ ತೂತು ಮುಚ್ಚದೆ ತೊಟ್ಟಿ ತುಂಬಿಸುವವನು ಆ ಟೇಲರನ ತಮ್ಮನೇ ಇರಬೇಕೆಂದು ಅವರೇ ತೀರ್ಮಾನಿಸಿದರು.

ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು ಅವರಿಗೊಬ್ಬರನ್ನು ಕೊಟ್ಟಿದ್ದರು. ಕಲಿಸಿದವಳಾದ್ದರಿಂದ ನಾನು ಗೇಟಿನ ಹೊರಗೆ. ಬೆವರು ಒರೆಸಿಕೊಳ್ಳುತ್ತ ಬಂದರು.

“ಮೂರು ತಾಸು ದಡ್ಡ ಆಗಿ ಕುಂತಿದ್ದೆ ಅಕ್ಕೋರ. ಭಾಳ ಸುಸ್ತಾಯ್ತು.”

ಪಾಸಾದರು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಮಾರ್ಕ್ಸ್. ಅಲ್ಲೂ ಒಂದಿಂಚು ವ್ಯರ್ಥ ಮಾಡಿರಲಿಲ್ಲ. ನೌಕರಿಯೂ ಸಿಕ್ಕಿತು.

ಈಗ ನಾಸಿಕ್‌ನಲ್ಲೂ ನಾನು ಅಂಥದೊಂದು ತರಗತಿ ನಡೆಸುತ್ತೇನೆ. ಹತ್ತಿರದ ಓಝರ್‌ನಿಂದ ಬರುವ ಸುಭದ್ರಮ್ಮ ಮೊನ್ನೆ ಒಂಬತ್ತು ಬರಬೇಕಾದಲ್ಲಿ ಏಳು ಬರೆದಿದ್ದರು. ತಪ್ಪು ಹಾಕುವ ಧೈರ್ಯ ನನಗಾಗಲಿಲ್ಲ. ಇದರ ಹಿಂದೆ ಯಾವ ಜಾಣತನ ಅಡಗಿದೆಯೋ ಎಂದು ಮೆಲ್ಲಗೆ ಕೇಳಿದೆ:

“ಇದು ಹ್ಯಾಂಗ ಬಂತು, ಸ್ವಲ್ಪ ಹೇಳ್ತೀರಾ?”

ಅವರು ನನ್ನ ಮುಖವನ್ನೇ ನೋಡಿದರು.

“ತಪ್ಪಾಗ್ಯಾದ್ರಿ, ಮತ್ತೇನು?” ಎಂದು ರಬ್ಬರ್ ಕೈಗೆತ್ತಿಕೊಂಡರು.