ಹಿತ್ತಲಿಗೆ ತಿರುಗಿದ ಪೈಪು

ಕರೆಂಟು ಹೋಗಬಹುದು, ಯಂತ್ರ ಕೆಡಬಹುದು, ನೀರು ಅಳೆಯುವ ಡ್ರಮ್ಮು ಜೀಪಿನಲ್ಲೇ ಒಡೆಯಬಹುದು, ಮುಂಡರಗಿ ಕಡೆಯ ಬಿಸಿಲಿಗೆ ನಾನೇ ಉರುಳಬಹುದು. ಹೆದರುವುದೊಂದೇ ನನಗೆ ಚೆನ್ನಾಗಿ ಬರುವ ಕೆಲಸ.

ನಾವು ಹೋದ ಹಳ್ಳಿಗಿದ್ದ ಒಂದೇ ಬೋರು ಬತ್ತುತ್ತಿತ್ತು. ಶುದ್ಧ ನೀರಿನ ಘಟಕ ಒಂದು ಕೊಡ ನೀರು ಕೊಡಲು ಎಷ್ಟನ್ನು ಚರಂಡಿಗೆ ಚೆಲ್ಲುತ್ತದೆಂದು ಅಳೆಯಬೇಕಿತ್ತು. ನಮ್ಮ ಸಾಹೇಬರು ಒಣಗಿದ ಚರಂಡಿ ನೋಡಿ, “ಏನೂ ಪೋಲಾಗಂಗಿಲ್ಲ, ನಡೀರಿ” ಎಂದು ಜೀಪು ಹತ್ತಿದರು. ನನಗೆ ಮೈಯೆಲ್ಲ ಉರಿಯಿತು.

“ಹೊಲಸು ನೀರಿನ ಪೈಪ್ ಎಲ್ಲೈತ್ರಿ ಅಕ್ಕಾರ?” ಎಂದು ಘಟಕ ನೋಡಿಕೊಳ್ಳುವಾಕೆಯನ್ನು ಕೇಳಿದೆ.

“ಬಂದ ಮಂದಿಗೆ ಯಾರರ ಮೋರಿ ತೋರಸ್ತಾರೇನ್ರಿ? ನೀವು ಬರ್ತೀರಂತ ಹಿತ್ತಲಕ್ಕ ತಿರುವೇನಿ.”

ಜೀಪಿನತ್ತ ಕೂಗಿ ಹೇಳಿದೆ. ಸಾಹೇಬರು ಇಳಿಯಲಿಲ್ಲ, ಹಾರ್ನ್ ಹೊಡೆಸಿದರು. ಕರೆಂಟಿತ್ತು, ಯಂತ್ರ ಓಡುತ್ತಿತ್ತು, ಡ್ರಮ್ಮು ಗಟ್ಟಿಯಾಗಿತ್ತು. ಪೈಪಿನ ಬಾಯಿ ಮಾತ್ರ ಹಿತ್ತಲಿಗೆ ತಿರುಗಿತ್ತು, ಅಷ್ಟೇ.