ಮಾಣಿಕ ಮಿಸ್ತ್ರಿಯ ಸೊಂಟ

ಭಾಲ್ಕಿಯ ಮಾಣಿಕ ಮಿಸ್ತ್ರಿ ಕಲ್ಲು-ಕೆಸರಿನಲ್ಲೂ ಓಡುವ ನಾಲ್ಕು ಗಾಲಿಯ ಎಟಿವಿ ಗಾಡಿಯ ಟೂ-ಸ್ಟ್ರೋಕ್ ಎಂಜಿನ್ ಬಿಚ್ಚಿ, ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಅಗಲ ಮಾಡಿ ಮತ್ತೆ ಕಟ್ಟಿದನೆಂದರೆ, ಅದರ ಗುಡುಗಿಗೆ ಅತ್ತ ಔರಾದದ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು. “ಕುಂದರ್ರಿ, ಗಾಳಿ ಹಿಂದ ಬೀಳ್ತದ,” ಎಂದು ಗಿರಾಕಿಗಳನ್ನು ಹತ್ತಿಸುವನು. “ನೀವೊಂದು ರೌಂಡ್ ಹೊಡೀರಿ ಉಸ್ತಾದ್,” ಅಂದರೆ ಮಾತ್ರ ಅವನಿಗೆ ಸೊಂಟ ಹಿಡಿಯುತ್ತಿತ್ತು. ಸೊಂಟದ ಮಾತು ಸುಳ್ಳು, ಗಾಡಿ ಓಡಿಸಲು ಅವನಿಗೆ ಅಂಜಿಕೆ. ಬೀದರಕ್ಕೂ ಬಸ್ಸಿನಲ್ಲೇ, ಅದೂ ಕಂಬಿ ಹಿಡಿದು. ಹಾಗಾಗಿ ನಸುಕಿನಲ್ಲಿ ಯಾರಿಗೂ ಕಾಣದಂತೆ ಹೆಂಡತಿ ಕೌಸಲ್ಯಾಬಾಯಿಯೇ ಕಚ್ಚೆ ಬಿಗಿದು ಟ್ರಯಲ್ ನೋಡುವಳು. ಒಂದು ದಿನ ಗಿರಾಕಿ ಸಿದ್ದೇಶ್ವರ ಬೇಗ ಬಂದುಬಿಟ್ಟ. “ಇದೇನ್ರಿ ಉಸ್ತಾದ್, ಬಾಯಿಯವ್ರು ಓಡಿಸ್ಲಿಕತ್ತಾರ?” ಮಾಣಿಕನ ಕೈ ಸೊಂಟಕ್ಕೆ ಹೋಯಿತು. ಕೌಸಲ್ಯಾಬಾಯಿ ಗಡಬಡಿಸಿ ಇಳಿದು, “ಇವ್ರು ಟ್ರಯಲ್ ಮುಗಿಸಿ ಈಗಷ್ಟೇ ಇಳದ್ರು. ಹಟ ಮಾಡಿ ನಾನೇ ಹತ್ತೀನ್ರಿ, ತಪ್ಪಾತು,” ಎಂದು ಕೈಮುಗಿದಳು. ಸಿದ್ದೇಶ್ವರ ನಕ್ಕು ನಂಬಿದ. ಮಾಣಿಕ ಆ ಮುಗಿದ ಕೈಗಳನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿ ನಿಂತ.