ಕೋಡು ಮುರಿದ ಎಮ್ಮೆಯ ಹಿಂದೆ ಎರಡು ದಿನ

ನವೆಂಬರ್ 11, ಬೆಳಿಗ್ಗೆ 6.20. ಜಮಖಂಡಿ ನಿಲ್ದಾಣದಿಂದ ಗಲಗಲಿಯ ಬಸ್ ಹೊರಟಿತು. ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ ಕೈಯಲ್ಲಿ, ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಮಡಿಲಲ್ಲಿ. ಕಿಟಕಿಯಿಂದ ಚಳಿ ನುಗ್ಗುತ್ತಿತ್ತು. ಕಂಡಕ್ಟರ್ ಪೆಟ್ಟಿಗೆ ಮುಟ್ಟಿ ನೋಡಿ, "ಈ ಥಂಡ್ಯಾಗ ಐಸ್ ಕ್ಯಾಂಡಿ ಮಾರಾಕ ಹೊಂಟೀರೇನ್ರಿ?" ಎಂದ. ಹೌದೆಂದೆ. ವಿವರಿಸುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ.

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಮೂರು ವಿಭಾಗಗಳು ಸೇರಿವೆ. ಜನರ ರಕ್ತ ನೋಡುವವರು ವೈದ್ಯರು, ದನಗಳದ್ದನ್ನು ನೋಡುವವರು ಪಶುವೈದ್ಯರು, ನದಿ ಮತ್ತು ಬಾವಿಯ ನೀರು ನೋಡುವವರು ಪರಿಸರ ವಿಭಾಗದವರು. ಮನುಷ್ಯ, ಪ್ರಾಣಿ, ಪರಿಸರ ಈ ಮೂರರ ಆರೋಗ್ಯವನ್ನು ಬೇರೆ ಬೇರೆಯಾಗಿ ನೋಡಬಾರದು ಎಂಬುದು ನಮ್ಮ ಯೋಜನೆಯ ಮೊದಲ ಸಾಲು. ಮೂವರಿಗೂ ಮಾದರಿಗಳನ್ನು ತಂದುಕೊಡುವ ಸಹಾಯಕಿ ನಾನು. ನಾವು ಹುಡುಕುತ್ತಿರುವುದು ಕಂದು ರೋಗವನ್ನು, ಅಂದರೆ ಬ್ರುಸೆಲ್ಲೋಸಿಸ್ ಅನ್ನು. ಅದು ತಗುಲಿದ ಎಮ್ಮೆ ದಿನ ತುಂಬುವ ಮೊದಲೇ ಸತ್ತ ಕರು ಹಾಕುತ್ತದೆ. ಅದರ ಹಸಿ ಹಾಲು ಕುಡಿದವರಿಗೆ, ಬಿದ್ದ ಕರುವನ್ನು ಬರಿಗೈಯಲ್ಲಿ ಎತ್ತಿದವರಿಗೆ ತಿಂಗಳುಗಟ್ಟಲೆ ಬಂದುಹೋಗುವ ಜ್ವರ, ಕೀಲುನೋವು ಹಿಡಿಯಬಹುದು. ಗರ್ಭಿಣಿಯರಿಗೆ ಅಪಾಯ ಇನ್ನೂ ಹೆಚ್ಚು.

ಗಲಗಲಿಯ ಮಲ್ಲಪ್ಪ ಎಂಬ ರೈತರ ಎಮ್ಮೆಗೆ ಈ ರೋಗವಿದೆಯೆಂದು ಸೆಪ್ಟೆಂಬರ್ 24ರಂದು ಖಚಿತವಾಯಿತು. ಮೂರೂ ವಿಭಾಗದವರು ಒಟ್ಟಿಗೆ ಹೋಗಿ ತಿಳಿಸಬೇಕೆಂಬುದು ನಿಯಮ. ಆದರೆ ಅನುಮತಿ ಪತ್ರಕ್ಕೆ ಒಂದು ಸಹಿ ಬಾಕಿ ಇತ್ತು. ಮನೆಯವರು ಹಾಲು ಕುಡಿಯುತ್ತಿದ್ದಾರೆಂಬ ಗಾಬರಿಯಲ್ಲಿ ಅಂದು ಸಂಜೆ 5.10ಕ್ಕೆ ನಾನೊಬ್ಬಳೇ ಫೋನ್ ಮಾಡಿ ಹೇಳಿದೆ. ನಾಲ್ಕು ನಿಮಿಷದ ಮಾತು. ಸಹಿ ಬಂದದ್ದು ನಲವತ್ತೇಳನೆಯ ದಿನ. ಹೊರಡುವ ಮೊದಲು ಮತ್ತೆ ಫೋನ್ ಮಾಡಿದಾಗ, ಎಮ್ಮೆ ಮಾರಿ ಬಹಳ ದಿನವಾಯಿತು ಎಂದರು. ಅದು ಈಗ ಯಾರ ಮನೆಯಲ್ಲಿದೆಯೋ ಅವರನ್ನು ಹುಡುಕಿ ಎಚ್ಚರಿಸುವುದಷ್ಟೇ ಉಳಿದ ಕೆಲಸವಾಗಿತ್ತು, ಅದಕ್ಕೆ ನನ್ನೊಬ್ಬಳನ್ನೇ ಕಳಿಸಿದರು.

ಮಲ್ಲಪ್ಪನವರ ಹೆಂಡತಿ ಗಂಗವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಮಲ್ಲಪ್ಪ ನನ್ನ ಎದುರು ಕೂತರು.

"ನೀವ ಹೇಳಿದ್ರೆಲ್ಲರಿ, ಆ ಎಮ್ಮಿ ಮನ್ಯಾಗ ಇರೂದು ಛಲೋ ಅಲ್ಲ ಅಂತ."

"ಬೇರೆ ಕಟ್ಟಿರಿ ಅಂದಿದ್ದೆ."

"ಎಲ್ಲಿ ಕಟ್ಟೂದ್ರಿ, ನನ್ನ ತಲಿ ಮ್ಯಾಲ? ಇರೂದ ಒಂದ ಗ್ವಾದಲಿ."

ಗಂಗವ್ವ ನಗಲಿಲ್ಲ. ಗೋಡೆ ಹಿಡಿದು ಏಳುವಾಗ ಮೊಣಕಾಲು ಒತ್ತಿಕೊಂಡರು. ಸತ್ತ ಕರುವನ್ನು ಎಳೆದು ತೆಗೆದವರು ಅವರೇ. "ಕರು ಜೀವಂತ ಇದ್ರ ಅದರ ಹಿಂದ ಬೀಳೂ ಮಾಸ ಚೀಲದಾಗ ಕಟ್ಟಿ ಆಲದ ಗಿಡಕ್ಕ ತೂಗಬಿಡತೀವಿ, ಹಾಲ ಹೆಚ್ಚತಾವು. ಇದನ್ನೇನ ಮಾಡೂದು? ಹೊಳ್ಯಾಗ ಬಿಟ್ಟ ಬಂದ್ನಿ." ಅವರ ರಕ್ತ ತೆಗೆದುಕೊಂಡೆ. ಹೊಳೆಯ ದಂಡೆಗೆ ಹೋಗಿ ಆ ಜಾಗದ ನೀರನ್ನೂ ಸೀಸೆಗೆ ತುಂಬಿಕೊಂಡೆ. ದಾರಿಯ ಆಲದ ಮರದಲ್ಲಿ ಒಣಗಿದ ಚೀಲಗಳು ಹನ್ನೊಂದು ತೂಗುತ್ತಿದ್ದವು. ನಾನು ನೀರು ತುಂಬಿಕೊಂಡ ಜಾಗದಿಂದ ನಲವತ್ತು ಹೆಜ್ಜೆ ಕೆಳಗೆ ಇಬ್ಬರು ಹೆಂಗಸರು ಪಾತ್ರೆ ತೊಳೆಯುತ್ತಿದ್ದರು.

ಮಲ್ಲಪ್ಪ ಎಮ್ಮೆಯನ್ನು ಕೊಟ್ಟದ್ದು ಪರಸಪ್ಪ ಎಂಬ ದಲಾಲಿಗೆ, ಅವರು ಇದ್ದದ್ದು ಬೀಳಗಿಯಲ್ಲಿ. ಮಧ್ಯಾಹ್ನ 12.45ಕ್ಕೆ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಸಿಕ್ಕರು. ಏನನ್ನೂ ಮುಚ್ಚಿಡಲಿಲ್ಲ. ಸೆಪ್ಟೆಂಬರ್ 28ರಂದು ಮುಧೋಳದ ದನದ ಸಂತೆಯಲ್ಲಿ ಮಾರಿದ್ದರು.

"ಕಿವಿಯಲ್ಲಿ ಹಳದಿ ಬಿಲ್ಲೆ ಇತ್ತಲ್ಲ?" ಎಂದು ಕೇಳಿದೆ. ನಮ್ಮ ದಾಖಲೆಯಲ್ಲಿದ್ದ ಏಕೈಕ ಗುರುತು ಅದರ ಮೇಲಿನ ಸಂಖ್ಯೆ.

"ಕತ್ತರಿಸಿ ಒಗದ್ನಿ. ಈಗ ಎಡಗೋಡಿನ ತುದಿ ಮುರದದ್ದೊಂದ ಅದರ ಗುರ್ತು. ಬಿಲ್ಲಿ ಇದ್ರ ಕೊಳ್ಳಾವ ನೂರಾಎಂಟ ಪ್ರಶ್ನಿ ಕೇಳತಾನ. ಮತ್ತ ಬರೇ ಎಮ್ಮಿ ಕೊಟ್ಟಿಲ್ಲವಾ, ಜೋಡಿ ಒಂದ ಕರೂನೂ ಹಚ್ಚಿ ಕೊಟ್ಟೇನಿ. ಈಗ ಈದ ಎಮ್ಮಿ ಅನಿಸಬೇಕಲ್ಲ!"

"ಬೇರೆ ಕರುವನ್ನು ಎಮ್ಮೆ ಒದೆಯಲಿಲ್ಲವೇ?"

"ಎರಡ ದಿನ ಒದೀತೈತಿ. ಆಮ್ಯಾಲ ಎಮ್ಮಿನೂ ಮರೀತೈತಿ."

ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ದರ ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಆದರೂ ಕೊಂಡವನು ಪರಸಪ್ಪನವರಿಗೆ ಚೆನ್ನಾಗಿ ನೆನಪಿದ್ದ: ಬನಹಟ್ಟಿಯ ನೇಕಾರ, ಈರಣ್ಣ. "ಮಗಳು ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಳಂತ. ಮುಂಜಾನೆದ್ದು ನೊರಿಹಾಲ ಕುಡಸಬೇಕಂತ ಮುದ್ದಾಂ ಎಮ್ಮಿ ಹುಡಿಕ್ಕೋತ ಬಂದಿದ್ದ."

ಹಿಂಡಿದ ಕೂಡಲೇ, ಕಾಯಿಸದೆ ಕುಡಿಯುವ ಹಾಲು ಅದು. ಈರಣ್ಣನ ಫೋನ್ ನಂಬರ್ ಕೇಳಿದೆ.

"ಸಂತ್ಯಾಗ ಯಾರ ನಂಬರ ಕೊಡತಾರವಾ? ಬೀಗತನ ಮಾಡೂದೈತೇನ?" ಎಂದು ಪರಸಪ್ಪ ನಕ್ಕರು. ನಾನು ಕೇಳಿದ್ದು ಯಾಕೆಂದು ಹೇಳಿದ ಮೇಲೆ ಚಹಾದ ಕಪ್ಪು ಕೆಳಗಿಟ್ಟರು. "ನನಗ ಕಂದ ಹಾಕೇತಿ ಅಂತಷ್ಟ ಹೇಳಿದ್ರು. ರೋಗ ಅಂದಿದ್ದಿಲ್ಲ."

ಮುಧೋಳ ಮುಟ್ಟಿದಾಗ ಸಂಜೆ 5.30. ಬನಹಟ್ಟಿಯ ಬಸ್ ಆಗಲೇ ಹೋಗಿತ್ತು, ಮುಂದಿನದು ಬೆಳಿಗ್ಗೆ ಎಂದರು. ಸಂತೆಯ ದಿನವಲ್ಲದ್ದರಿಂದ ಬಯಲು ಖಾಲಿ. ಸಗಣಿ ಒಣಗಿತ್ತು, ಗೂಟಗಳು ಮಾತ್ರ ನಿಂತಿದ್ದವು. ಅಲ್ಲಿಂದಲೇ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಎಮ್ಮೆ ಸಿಗದಿದ್ದರೆ ವರದಿ ನಮೂನೆಯ ಅದರ ಸಾಲಿನಲ್ಲಿ 'ಸಂಪರ್ಕ ಕಡಿದಿದೆ' ಎಂದು ತುಂಬಿಬಿಡಿ" ಎಂದರು. ಗರ್ಭಿಣಿಯ ವಿಷಯ ಹೇಳಿದೆ. ಅದು ವೈದ್ಯ ವಿಭಾಗಕ್ಕೆ ಬರುತ್ತದೆ ಎಂದರು. ಬಾಡಿಗೆ ಜೀಪಿಗಾಗಿ ಯಾಕೆ ಕೇಳಲಿಲ್ಲ ಎಂದು ಈಗ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಕೇಳಿದ್ದರೂ ಬದಲಾಗುತ್ತಿದ್ದುದು ಏನೂ ಇರಲಿಲ್ಲವೆಂದು ಮರುದಿನ ಗೊತ್ತಾಯಿತು.

ನವೆಂಬರ್ 12, ಬೆಳಿಗ್ಗೆ 8.50ಕ್ಕೆ ಬನಹಟ್ಟಿ. ಓಣಿ ಓಣಿಯಲ್ಲೂ ಮಗ್ಗಗಳ ಸದ್ದು, ಬಾಗಿಲು ಬಡಿದರೆ ಒಳಗಿನವರಿಗೆ ಕೇಳಿಸದು. ಈರಣ್ಣ ಎಂಬ ಹೆಸರಿನವರೂ ಒಬ್ಬಿಬ್ಬರಲ್ಲ. ಹದಿನಾಲ್ಕು ಮನೆಗಳಲ್ಲಿ ವಿಚಾರಿಸಿದೆ. ಹದಿನೈದನೆಯ ಮನೆಯಲ್ಲಿ, ನಾನು ಎಮ್ಮೆ ಎಂದ ಕೂಡಲೇ, ಮಗ್ಗದ ಮುಂದಿದ್ದವರು ಸ್ವಿಚ್ ಆರಿಸಿದರು.

"ಮಾರೇನ್ರಿ ಅದನ್ನ. ಕರು ಅದರದಲ್ಲ ಅಂತ ಗೊತ್ತಾತು. ಹಾಲೂ ಇಳೀತು. ಅಕ್ಟೋಬರ ಮೂವತ್ತಕ್ಕ ತೇರದಾಳ ಕಡೆಯಿಂದ ಒಬ್ಬ ಟೆಂಪೋ ತಂದಿದ್ದ, ಕರು ಹಚ್ಚೇ ಕೊಟ್ಟ ಕಳಿಸಿದ್ನಿ." ಮಗ್ಗದ ನೂಲು ಸರಿಪಡಿಸುತ್ತ, "ನನಗ ಹೆಂಗ ಕೊಟ್ಟಿದ್ರೋ ಹಂಗ" ಎಂದರು.

"ಅವರ ಹೆಸರು?"

"ಕೇಳಲಿಲ್ಲ."

ಒಳಕೋಣೆಯಲ್ಲಿ ಮಗಳು ಸವಿತಾ ಕೌದಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ವಯಸ್ಸು ಇಪ್ಪತ್ತೊಂದು. ಅಕ್ಟೋಬರ್ ನಡುವಿನಿಂದ ಸಂಜೆಯಾದರೆ ಜ್ವರ, ಮೈ ತುಂಬ ಬೆವರು. ಟೈಫಾಯ್ಡ್ ಎಂದು ಎರಡು ಸಲ ಗುಳಿಗೆ ಕೊಟ್ಟಿದ್ದರಂತೆ. ನವೆಂಬರ್ 3ರಂದು, ಏಳನೆಯ ತಿಂಗಳಲ್ಲಿ, ಮಗು ಹೋಯಿತು. ನಾನು ತಡವಾಗಿ ಬಂದದ್ದು ಒಂಬತ್ತು ದಿನ.

"ದಿನಾ ಎರಡ ವಾಟಗಾ ಕುಡೀತಿದ್ನಿರಿ" ಎಂದಳು. "ಅಪ್ಪನ ಹಿಂಡಿ ತಂದ ಕೊಡತಿದ್ದ. ಬೆಚ್ಚಗ ಇರತಿತ್ತು. ಹಾಲಿಂದ ಆತೇನ್ರಿ?"

ರಕ್ತ ಪರೀಕ್ಷೆಯಾಗದೆ ಹೇಳಲು ಬಾರದು ಎಂದೆ. ಅದು ನಿಜ. ಆ ನಿಜದ ಹಿಂದೆ ನಾನು ಅಡಗಿಕೊಂಡೆ ಎಂಬುದೂ ನಿಜ. ಅವಳು ತಾನಾಗಿ ತೋಳು ಚಾಚಿದಳು. ಇದಕ್ಕೆ ಔಷಧಿ ಇದೆ, ವಾರಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕು ಎಂದು ಹೇಳಿ, ಸರಕಾರಿ ಆಸ್ಪತ್ರೆಯ ವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಈರಣ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಗಲಗಲಿಯವರಿಗೆ ಯಾವತ್ತ ಹೇಳಿದ್ರಿ?"

"ಸೆಪ್ಟೆಂಬರ್ 24."

"ನಾ ಎಮ್ಮಿ ತಂದಿದ್ದು ಇಪ್ಪತ್ತೆಂಟಕ್ಕ. ಹೇಳಿದವರು ಯಾರು?"

"ನಾನೇ."

ಅವರು ಬಯ್ಯುತ್ತಾರೆಂದುಕೊಂಡೆ. "ಹೇಳೂದ ಹೇಳಿದ್ರಿ, ಒಂದ ಸಲ ಬಂದ ನೋಡಬೇಕಿತ್ತರಿ ಬಾಯಾರ" ಎಂದಷ್ಟೇ ಅಂದು ಹೊರಗೆ ಹೋದರು. ಅವರ ರಕ್ತವೂ ಬೇಕಿತ್ತು, ಅವರೂ ಆ ಹಾಲು ಕುಡಿದವರೇ. ಆದರೆ ಮಗ್ಗ ಶುರುವಾಗಿತ್ತು. ಆ ಸದ್ದಿನಲ್ಲಿ ನಾನು ಎರಡು ಸಲ ಕರೆದೆ. ಮೂರನೆಯ ಸಲ ಕರೆಯಲಿಲ್ಲ.

ಆಟೋದಲ್ಲಿ ತೇರದಾಳದ ರಸ್ತೆ ಹಿಡಿದು ಮಧ್ಯಾಹ್ನದವರೆಗೆ ಹುಡುಕಿದೆ. ಕಂಡ ಎಮ್ಮೆಗಳು ಮೂವತ್ತೊಂದು, ಅದು ಇರಲಿಲ್ಲ. ಸಂಜೆ 4.50ಕ್ಕೆ ಜಮಖಂಡಿಗೆ ಮರಳಿದೆ. ನಮೂನೆಯ ಆ ಸಾಲನ್ನು ಇನ್ನೂ ತುಂಬಿಲ್ಲ.

ಎಮ್ಮೆ ಕಪ್ಪು, ಎಡಗೋಡಿನ ತುದಿ ಮುರಿದಿದೆ, ಬಲಗಿವಿಯಲ್ಲಿ ಬಿಲ್ಲೆ ಕತ್ತರಿಸಿದ ತೂತು ಇದೆ, ಜೊತೆಗೆ ಅದರದ್ದಲ್ಲದ ಒಂದು ಹೆಣ್ಣು ಕರು. ಅಕ್ಟೋಬರ್ 30ರ ನಂತರ ಇಂಥ ಎಮ್ಮೆಯನ್ನು ಕಂಡವರು, ಕೊಂಡವರು ಯಾರೇ ಇರಲಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಅಲ್ಲಿಯವರೆಗೆ ಹಾಲನ್ನು ಉಕ್ಕುವಂತೆ ಕುದಿಸಿಯೇ ಕುಡಿಯಿರಿ. ದಯವಿಟ್ಟು ಅದನ್ನು ಮತ್ತೆ ಮಾರಬೇಡಿ. ನಾನು ಫೋನ್ ಮಾಡುವುದಿಲ್ಲ, ಮನೆಗೇ ಬರುತ್ತೇನೆ.